ಸೈನಿಕರ ಅಪೀಲಿಗೆ ಬೆಂಗಳೂರಿನಲ್ಲೇ ಪೀಠ ಕೊಡಿಸಿ: ನಮ್ಮ ಮೂವರು ಸಂಸದರಿಗೆ ಒಂದು ಬಹಿರಂಗ ಪತ್ರ

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಕ್ಷೇತ್ರಗಳ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ. ನಾನು ಚಿಂತಾಮಣಿಯಲ್ಲಿ ವಕೀಲಿ ಮಾಡುವವನು. ನಮ್ಮೂರು ಜಿಲ್ಲೆಯ ಲೆಕ್ಕದಲ್ಲಿ ಚಿಕ್ಕಬಳ್ಳಾಪುರ, ಲೋಕಸಭೆಯ ಲೆಕ್ಕದಲ್ಲಿ ಕೋಲಾರ. ಮಧುಗಿರಿ, ಕೊರಟಗೆರೆ ಕಡೆಯ ಮಾಜಿ ಸೈನಿಕರ ಕಷ್ಟವೂ ನಮ್ಮವರದ್ದೇ ಆದ್ದರಿಂದ ತುಮಕೂರಿನ ಸಂಸದರನ್ನೂ ಸೇರಿಸಿಕೊಂಡಿದ್ದೇನೆ. ಯಾವ ಊರು ಯಾರ ವ್ಯಾಪ್ತಿಗೆ ಬರುತ್ತದೆ ಅನ್ನುವ ತಲೆನೋವು ನಮಗೆ ಹಳೇ ಪರಿಚಯ. ಈ ಪತ್ರವೂ ಅಂಥದ್ದೇ ಒಂದು ವ್ಯಾಪ್ತಿಯ ವಿಷಯ.

ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಬೆಂಗಳೂರಿನಲ್ಲಿ ಖಾಯಂ ಪೀಠ ಬೇಕು. ಮುಖ್ಯವಾಗಿ ಕೇಳುವುದು ಇದನ್ನೇ. ಇದಕ್ಕೆ ಅಂಟಿಕೊಂಡ ಒಂದೆರಡು ಮಾತುಗಳನ್ನು ಆಮೇಲೆ ಹೇಳುತ್ತೇನೆ.

ಸೇನೆ, ನೌಕಾಪಡೆ, ವಾಯುಪಡೆಯಲ್ಲಿ ಇರುವವರು, ನಿವೃತ್ತರಾದವರು, ಅವರ ಹೆಂಡತಿ ಮಕ್ಕಳು, ಎಲ್ಲರೂ ಹೋಗಬೇಕಾದ ಕೋರ್ಟು ಈ ನ್ಯಾಯಮಂಡಳಿ. ಕೋರ್ಟ್ ಮಾರ್ಷಲ್, ಅಂದರೆ ಸೇನೆಯೊಳಗೇ ನಡೆಯುವ ವಿಚಾರಣೆ, ಕೊಟ್ಟ ಶಿಕ್ಷೆಯ ಮೇಲಿನ ಅಪೀಲು ಇಲ್ಲಿಗೇ. ಅಂಗವೈಕಲ್ಯ ಪಿಂಚಣಿ ಕೊಡಲಿಲ್ಲ ಅನ್ನುವ ದೂರೂ ಇಲ್ಲಿಗೇ. 2007ರಲ್ಲಿ ಕಾಯ್ದೆ ಆಯಿತು, 2009ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು. ದೆಹಲಿಯಲ್ಲಿ ಪ್ರಧಾನ ಪೀಠ. ಚಂಡೀಗಢ, ಲಖನೌ, ಕೋಲ್ಕತ್ತ, ಗುವಾಹಟಿ, ಜೈಪುರ, ಮುಂಬೈ, ಚೆನ್ನೈ, ಕೊಚ್ಚಿ, ಜಬಲ್ಪುರ ಹೀಗೆ ಬೇರೆ ಕಡೆ ಪ್ರಾದೇಶಿಕ ಪೀಠಗಳಿವೆ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ.

ಚಿಂತಾಮಣಿ, ಮಾಲೂರು, ಗೌರಿಬಿದನೂರು, ತುಮಕೂರು ಯಾವುದನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಬಸ್ಸು ಹತ್ತಿದರೆ ಬೆಂಗಳೂರಿನ ಹೈಕೋರ್ಟಿನಲ್ಲಿ ಕೆಲಸ ಮುಗಿಸಿ ಸಂಜೆ ಮನೆಗೆ ಬರಬಹುದು. ಅದೇ ಜನ ಸೈನಿಕನ ಕೇಸಿಗೆ ಬಂಗಾರಪೇಟೆಯಲ್ಲೋ ಬೆಂಗಳೂರಿನಲ್ಲೋ ಕೇರಳದ ರೈಲು ಹಿಡಿದು ರಾತ್ರಿಯೆಲ್ಲ ಪ್ರಯಾಣ ಮಾಡಬೇಕು. ಗೊತ್ತಿಲ್ಲದ ಊರಿನಲ್ಲಿ ವಕೀಲರನ್ನು ಹುಡುಕಬೇಕು. ಕೇಸು ಮುಂದಕ್ಕೆ ಹೋದರೆ ಬರಿಗೈಯಲ್ಲಿ ವಾಪಸ್ಸು. ಪಿಂಚಣಿಯೇ ನಿಂತುಹೋದ ಮನೆಯವರಿಗೆ ಈ ಖರ್ಚು ಸಣ್ಣದಲ್ಲ.

ನನ್ನ ಹತ್ತಿರ ಬರುವವರು ಮಡಚಿ ಮಡಚಿ ಹರಿದುಹೋದ ಆದೇಶದ ಪ್ರತಿ ತೆಗೆದು ಮೇಜಿನ ಮೇಲೆ ಇಡುತ್ತಾರೆ. "ನೀವೇ ಒಂದು ಕೇಸು ಹಾಕಿ ಸಾರ್" ಅನ್ನುತ್ತಾರೆ. ಈ ಕೇಸು ಇಲ್ಲಿ ನಡೆಯಲ್ಲ ಅಂತ ಹೇಳುವುದೇ ನನ್ನ ಮೊದಲ ಸಲಹೆ. ಜಿಲ್ಲಾ ಕೋರ್ಟಿನಲ್ಲೂ ನಡೆಯಲ್ಲ. ಹಾಗಾದರೆ ಎಲ್ಲಿ ಅಂತ ಕೇಳುತ್ತಾರೆ. ಕೊಚ್ಚಿ ಅಂದ ಮೇಲೆ ಬಹಳ ಜನ ತಿರುಗಿ ಬರುವುದಿಲ್ಲ. ಕೆಲವರು ಕಾಗದ ಸಹ ನನ್ನ ಹತ್ತಿರವೇ ಬಿಟ್ಟುಹೋಗುತ್ತಾರೆ.

ಅಪೀಲು ಅಷ್ಟು ಮುಖ್ಯವಾ ಅಂತ ಕೇಳುವವರಿಗೆ ಕೋರ್ಟ್ ಮಾರ್ಷಲ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. 1950ರ ಸೇನಾ ಕಾಯ್ದೆಯಲ್ಲಿ ನಾಲ್ಕು ಬಗೆಯ ಕೋರ್ಟ್ ಮಾರ್ಷಲ್ ಇವೆ. ನಮ್ಮ ಹಳ್ಳಿಗಳಿಂದ ಹೋದ ಸಿಪಾಯಿ, ನಾಯಕ್, ಹವಾಲ್ದಾರರಿಗೆ ಹತ್ತಿರವಾದದ್ದು ಸಮ್ಮರಿ ಕೋರ್ಟ್ ಮಾರ್ಷಲ್. ಅದರಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಅಧಿಕಾರಿಗಳೋ ಜೆಸಿಒಗಳೋ (ಹವಾಲ್ದಾರರಿಗಿಂತ ಮೇಲಿನ, ಅಧಿಕಾರಿಗಳಿಗಿಂತ ಕೆಳಗಿನ ರ‍್ಯಾಂಕಿನವರು) ಜೊತೆಗೆ ಕೂತಿರುತ್ತಾರೆ. ಆದರೆ ತೀರ್ಪಿನಲ್ಲಿ ಅವರಿಗೆ ಮಾತಿಲ್ಲ. ಒಂದು ವರ್ಷದವರೆಗೆ ಜೈಲು ಕೊಡಬಹುದು, ಕೆಲಸದಿಂದ ವಜಾ ಮಾಡಬಹುದು. ಜನರಲ್ ಕೋರ್ಟ್ ಮಾರ್ಷಲ್‌ನ ತೀರ್ಪಿಗೆ ಮೇಲಿನವರ ದೃಢೀಕರಣ ಬೇಕು. ಇದಕ್ಕೆ ಸಾಮಾನ್ಯವಾಗಿ ಅದೂ ಬೇಡ. ಇನ್ನೊಂದು ವಿಷಯ. ಅಧಿಕಾರಿಗಳನ್ನು, ಜೆಸಿಒಗಳನ್ನು ಈ ಕೋರ್ಟಿನಲ್ಲಿ ವಿಚಾರಣೆ ಮಾಡುವಂತಿಲ್ಲ. ಕೆಳಗಿನ ರ‍್ಯಾಂಕಿನವರಿಗೆ ಮಾತ್ರ ಇದು.

ಇದನ್ನು ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ಗಡಿಯಲ್ಲಿ ಶಿಸ್ತು ಬೇಗ ಸಿಗಬೇಕು, ಒಪ್ಪುತ್ತೇನೆ. ಆದರೆ ಬೇಗ ಕೊಟ್ಟ ತೀರ್ಪನ್ನು ನಿಧಾನವಾಗಿ ಕೂತು ನೋಡುವ ಒಂದು ಜಾಗ ಇರಲೇಬೇಕು, ಅಲ್ವಾ?

ಅಂಥ ಜಾಗ ಬಹಳ ವರ್ಷ ಇರಲೇ ಇಲ್ಲ. ಬ್ರಿಟನ್ 1951ರಲ್ಲೇ ಕೋರ್ಟ್ ಮಾರ್ಷಲ್ ಅಪೀಲಿಗೆ ಕಾಯ್ದೆ ಮಾಡಿತು. ಅಮೆರಿಕದಲ್ಲಿ ನಾಗರಿಕ ನ್ಯಾಯಾಧೀಶರೇ ಕೂತ ಮಿಲಿಟರಿ ಅಪೀಲು ಕೋರ್ಟು ಸರಿಸುಮಾರು ಅದೇ ಹೊತ್ತಿಗೆ ಬಂತು. ನಮ್ಮಲ್ಲಿ 1950ರ ಕಾಯ್ದೆ ಅಪೀಲಿನ ಬದಲು ಮೇಲಧಿಕಾರಿಗೆ, ಸರ್ಕಾರಕ್ಕೆ ಮನವಿ ಕೊಡುವ ಅವಕಾಶವನ್ನಷ್ಟೇ ಇಟ್ಟಿತು. ಸಂವಿಧಾನವೂ ಇಲ್ಲಿ ಕೈ ಕಟ್ಟಿದೆ. 136ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹಾಕುವ ವಿಶೇಷ ಅನುಮತಿ ಅರ್ಜಿ ಸೇನಾ ಕಾನೂನಿನ ಕೋರ್ಟು, ನ್ಯಾಯಮಂಡಳಿಗಳ ತೀರ್ಪಿಗೆ ಅನ್ವಯ ಆಗುವುದಿಲ್ಲ. 227ನೇ ವಿಧಿಯ ಹೈಕೋರ್ಟ್ ಮೇಲ್ವಿಚಾರಣೆಯೂ ಅಷ್ಟೇ. 1982ರಲ್ಲಿ ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕೊರತೆಯನ್ನು ಬಿಡಿಸಿ ಹೇಳಿತು. ಸಾಕ್ಷ್ಯವನ್ನು, ಶಿಕ್ಷೆಯ ಪ್ರಮಾಣವನ್ನು ಮತ್ತೆ ನೋಡುವ ಒಂದೇ ಒಂದು ಅಪೀಲೂ ಇಲ್ಲದಿರುವುದು ಸರಿಯಲ್ಲ ಅಂತ ಹೇಳಿತು. 1999ರಲ್ಲಿ ಕಾನೂನು ಆಯೋಗ ತನ್ನ 169ನೇ ವರದಿಯಲ್ಲಿ ನ್ಯಾಯಮಂಡಳಿಗೆ ಶಿಫಾರಸು ಮಾಡಿತು. ಕಾಯ್ದೆ ಬಂದದ್ದು 2007ರಲ್ಲಿ. ಸುಪ್ರೀಂ ಕೋರ್ಟು ಹೇಳಿದ ಮೇಲೆ ಇಪ್ಪತ್ತೈದು ವರ್ಷ.

ಬಂದ ಕಾಯ್ದೆ ಕೆಟ್ಟದ್ದಲ್ಲ, ಅದನ್ನೂ ಹೇಳಬೇಕು. ಪೀಠದಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರು ಒಬ್ಬರು, ಸೇನೆಯ ಹಿರಿಯ ಅಧಿಕಾರಿಯಾಗಿದ್ದವರು ಒಬ್ಬರು ಕೂರುತ್ತಾರೆ. ಕಾನೂನೂ ಗೊತ್ತು, ಪಲ್ಟನ್ನಿನ ಬದುಕೂ ಗೊತ್ತು. ಸಾಕ್ಷ್ಯ ನೋಡಬಹುದು, ಶಿಕ್ಷೆ ಕಡಿಮೆ ಮಾಡಬಹುದು, ತೀರ್ಪನ್ನೇ ರದ್ದು ಮಾಡಬಹುದು, ಮರುವಿಚಾರಣೆಗೂ ಹೇಳಬಹುದು. ಇಷ್ಟು ಒಳ್ಳೆಯ ಕೋರ್ಟು ನಮ್ಮ ಕೈಗೆಟುಕದ ದೂರದಲ್ಲಿ ಇದೆ ಅನ್ನುವುದೇ ನನ್ನ ದೂರು.

ನ್ಯಾಯಮಂಡಳಿಯಲ್ಲಿ ಸೋತ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದು ಇನ್ನೂ ಗೋಜಲು. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ, ಪೀಠ ಯಾವ ಊರಿನಲ್ಲಿ ಅನ್ನುವ ಪ್ರಶ್ನೆಯ ತೂಕ ಇರುವುದು ಇಲ್ಲೇ.

ಕಾಯ್ದೆಯ 30ನೇ ಕಲಂ ಸುಪ್ರೀಂ ಕೋರ್ಟಿಗೆ ಅಪೀಲು ಉಂಟು ಅನ್ನುತ್ತದೆ. 31ನೇ ಕಲಂ ಅದಕ್ಕೆ ಷರತ್ತು ಹಾಕುತ್ತದೆ. ಸಾರ್ವಜನಿಕ ಮಹತ್ವದ ಕಾನೂನಿನ ಪ್ರಶ್ನೆ ಇದೆ ಅಂತ ಅದೇ ನ್ಯಾಯಮಂಡಳಿ ಪ್ರಮಾಣೀಕರಿಸಿ ಅನುಮತಿ ಕೊಡಬೇಕು, ಇಲ್ಲವೇ ಸುಪ್ರೀಂ ಕೋರ್ಟಿಗೇ ಈ ಪ್ರಶ್ನೆ ನೋಡಬೇಕಾದ್ದು ಅನಿಸಬೇಕು. ನಮ್ಮ ಕಡೆಯ ಒಬ್ಬ ನಾಯಕ್‌ಗೆ ಸಾಕ್ಷಿ ಸುಳ್ಳು ಹೇಳಿದ್ದರಿಂದ ಕೆಲಸ ಹೋಗಿದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನಿನ ಪ್ರಶ್ನೆ ಎಲ್ಲಿಂದ ತರುವುದು? ಅವನಿಗೆ ಅನ್ಯಾಯ ಆಗಿರಬಹುದು, ಪ್ರಶ್ನೆ ಮಾತ್ರ ಸಣ್ಣದು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ.

ಉಳಿದದ್ದು ಹೈಕೋರ್ಟು. ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ, ಅಂದರೆ ಆದೇಶ ಕಾನೂನಿಗೆ ವಿರುದ್ಧ ಅಂತ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ. 2015ರಲ್ಲಿ ಮೇಜರ್ ಜನರಲ್ ಶ್ರೀಕಾಂತ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯಮಂಡಳಿಯ ಆದೇಶದ ಮೇಲೆ ಹೈಕೋರ್ಟುಗಳು ರಿಟ್ ತೆಗೆದುಕೊಳ್ಳಬಾರದು ಅಂತ ಹೇಳಿಬಿಟ್ಟಿತು. 2023ರ ಮಾರ್ಚ್‌ನಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಅದೇ ಕೋರ್ಟು ಆ ಮಾತನ್ನು ಸರಿಮಾಡಿ, ಹೈಕೋರ್ಟಿನ ಅಧಿಕಾರವನ್ನು ಹೀಗೆ ಕಿತ್ತುಕೊಳ್ಳಲು ಆಗದು ಅಂತ ಸಾರಿತು. ಒಳ್ಳೆಯ ತೀರ್ಪು. ನಡುವಿನ ಎಂಟು ವರ್ಷದಲ್ಲಿ ಕೈಚೆಲ್ಲಿ ಕೂತವರಿಗೆ ಅದು ತಡವಾಯಿತು, ಅಷ್ಟೇ.

ಸರಿ, ಹೈಕೋರ್ಟಿಗೆ ಹೋಗಬಹುದು. ಯಾವ ಹೈಕೋರ್ಟು? 1997ರ ಎಲ್. ಚಂದ್ರಕುಮಾರ್ ತೀರ್ಪಿನ ಪ್ರಕಾರ, ನ್ಯಾಯಮಂಡಳಿಯ ಪೀಠ ಯಾವ ಹೈಕೋರ್ಟಿನ ಸರಹದ್ದಿನಲ್ಲಿ ಕೂರುತ್ತದೋ ಆ ಹೈಕೋರ್ಟು. 2022ರಲ್ಲಿ ಆಲಾಪನ್ ಬಂದ್ಯೋಪಾಧ್ಯಾಯ ಪ್ರಕರಣದಲ್ಲಿ ಇದನ್ನೇ ಬಿಗಿಯಾಗಿ ಅನ್ವಯಿಸಿದರು. ಅದು ಕೇಂದ್ರ ಆಡಳಿತ ನ್ಯಾಯಮಂಡಳಿಯ (ಸರ್ಕಾರಿ ನೌಕರರ ಸೇವಾ ತಕರಾರು ನೋಡುವ ಮಂಡಳಿ) ಕೇಸು, ದೆಹಲಿ ಪೀಠದ ಆದೇಶವನ್ನು ಕಲ್ಕತ್ತಾ ಹೈಕೋರ್ಟು ನೋಡುವಂತಿಲ್ಲ ಅಂದರು. ಮರುವರ್ಷ ಇನ್ನೊಂದು ಪ್ರಕರಣದಲ್ಲಿ ಇದೇ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದರು. ಅಲ್ಲಿಯವರೆಗೆ ನಾನು ಕಕ್ಷಿದಾರನಿಗೆ ಏನು ಹೇಳಲಿ? ಕೊಚ್ಚಿಯಲ್ಲಿ ಸೋತವನು ಕೇರಳ ಹೈಕೋರ್ಟಿಗೇ ಹೋಗಬೇಕಾಗಬಹುದು. ಅದೂ ಕೊಚ್ಚಿಯ ಎರ್ನಾಕುಲಂನಲ್ಲೇ ಇದೆ. ಚಿಂತಾಮಣಿಯ ಮನುಷ್ಯ ತನ್ನ ರಾಜ್ಯದ ಹೈಕೋರ್ಟಿನ ಮೆಟ್ಟಿಲು ಹತ್ತಬಹುದಾ ಇಲ್ಲವಾ ಅನ್ನುವುದು ಕೂಡ ಪೀಠ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಪೀಠ ಬಂದರೆ ಈ ಗೋಜಲು ಒಂದೇ ಏಟಿಗೆ ಹೋಗುತ್ತದೆ.

ಇನ್ನು ಹೇಗ್ ಪಟ್ಟಣದ ಮಾತು. ಹಳ್ಳಿ ವಕೀಲನಿಗೆ ಇದೆಲ್ಲ ಯಾಕೆ ಅಂತ ನಗಬೇಡಿ. 2017ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಮಿಲಿಟರಿ ಕೋರ್ಟು ಬೇಹುಗಾರಿಕೆಯ ಆರೋಪ ಹೊರಿಸಿದ ಭಾರತೀಯ ಕುಲಭೂಷಣ್ ಜಾಧವ್ ಅವರಿಗೆ ಮರಣದಂಡನೆ ವಿಧಿಸಿತು. ಭಾರತ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನಮ್ಮ ವಾದ ಎರಡು ನೆಲೆಯಲ್ಲಿತ್ತು. ನಮ್ಮ ರಾಯಭಾರ ಕಚೇರಿಯವರಿಗೆ ಭೇಟಿಗೆ ಬಿಡಲಿಲ್ಲ ಅನ್ನುವುದು ಒಂದು. ಆ ಮಿಲಿಟರಿ ವಿಚಾರಣೆ ನ್ಯಾಯದ ಕನಿಷ್ಠ ಮಟ್ಟಕ್ಕೂ ಬರುವುದಿಲ್ಲ ಅನ್ನುವುದು ಇನ್ನೊಂದು. ನಾಗರಿಕ ಕೋರ್ಟಿನಲ್ಲಿ ವಿಚಾರಣೆ ಮಾಡಿಸಿ ಅಂತಲೂ ಪರ್ಯಾಯವಾಗಿ ಕೇಳಿದೆವು. 2019ರ ಜುಲೈ 17ರಂದು ತೀರ್ಪು ಬಂತು. ವಿದೇಶದಲ್ಲಿ ಬಂಧನವಾದವರನ್ನು ಅವರ ದೇಶದ ಕಚೇರಿಯವರು ಭೇಟಿಯಾಗಲು ಬಿಡಬೇಕು ಅನ್ನುವ ವಿಯೆನ್ನಾ ಒಪ್ಪಂದದ 36ನೇ ವಿಧಿಯನ್ನು ಪಾಕಿಸ್ತಾನ ಮುರಿದಿದೆ ಅಂತ 15-1 ಮತದಲ್ಲಿ ಹೇಳಿದರು. ಶಿಕ್ಷೆಯನ್ನು ತಾವೇ ರದ್ದು ಮಾಡಲಿಲ್ಲ. ಆ ಕೋರ್ಟು ಯಾವ ದೇಶದ ಕ್ರಿಮಿನಲ್ ಕೇಸಿಗೂ ಅಪೀಲು ಕೋರ್ಟಲ್ಲ. ಈ ಕೇಸಿನಲ್ಲಿ ಅದರ ವ್ಯಾಪ್ತಿ ಇದ್ದದ್ದು ಆ ಒಪ್ಪಂದದ ಮಟ್ಟಿಗೆ ಮಾತ್ರ. ಆದರೆ ಶಿಕ್ಷೆಯನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಬೇಕು ಅಂತ ಪಾಕಿಸ್ತಾನಕ್ಕೆ ಹೇಳಿದರು.

ಆ ಒಂದು ಮಾತಿಗೆ ದೇಶವೆಲ್ಲ ಖುಷಿಪಟ್ಟಿತು. ನಾನೂ ಪಟ್ಟೆ. ಮಿಲಿಟರಿ ಕೋರ್ಟಿನ ತೀರ್ಪು ಅಲ್ಲಿಗೇ ಮುಗಿಯಬಾರದು, ಹೆಸರಿಗೊಂದು ಮರುಪರಿಶೀಲನೆ ಇದ್ದರೆ ಸಾಲದು, ಅದು ಫಲ ಕೊಡುವಂತಿರಬೇಕು ಅಂತ ನಮ್ಮ ಸರ್ಕಾರವೇ ಜಗತ್ತಿನ ಮುಂದೆ ವಾದ ಮಾಡಿತ್ತು. ನಮ್ಮ ಸೈನಿಕನ ಸ್ಥಿತಿ ಜಾಧವ್ ಅವರ ಸ್ಥಿತಿಯಂಥದ್ದಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ದಡ್ಡ ನಾನಲ್ಲ. ಆದರೂ ಅದೇ ಮಾತನ್ನು ಮನೆಯೊಳಗೂ ಕೇಳುವ ಹಕ್ಕು ನನಗಿದೆ.

ಅದೇ ಊರಿನಲ್ಲಿ ಇನ್ನೊಂದು ಕೋರ್ಟಿದೆ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಜಾಧವ್ ಕೇಸು ನಡೆದ ಕೋರ್ಟಿನಲ್ಲಿ ದೇಶಗಳು ಕಕ್ಷಿದಾರರು. ಇದರಲ್ಲಿ ಮನುಷ್ಯರು ಆರೋಪಿಗಳು: ನರಮೇಧ, ಯುದ್ಧಾಪರಾಧದಂಥ ಆರೋಪಗಳು. ಇದನ್ನು ಹುಟ್ಟುಹಾಕಿದ ರೋಮ್ ಒಪ್ಪಂದಕ್ಕೆ 1998ರಲ್ಲಿ, ಅದೂ ಜುಲೈ 17ರಂದೇ, 120 ದೇಶ ಪರವಾಗಿ, 7 ದೇಶ ವಿರುದ್ಧವಾಗಿ ಮತ ಹಾಕಿದವು. 21 ದೇಶ ತಟಸ್ಥವಾಗಿ ಉಳಿದವು, ಭಾರತ ಅದರಲ್ಲೊಂದು. ಭದ್ರತಾ ಮಂಡಳಿಗೆ ಅಲ್ಲಿ ಕೊಟ್ಟ ಅಧಿಕಾರ ನಮಗೆ ಹಿಡಿಸಲಿಲ್ಲ. ಅಣ್ವಸ್ತ್ರ ಬಳಕೆಯನ್ನು ಅಪರಾಧದ ಪಟ್ಟಿಗೆ ಸೇರಿಸದ್ದೂ ಹಿಡಿಸಲಿಲ್ಲ. ಆ ಆಕ್ಷೇಪದಲ್ಲಿ ಹುರುಳಿದೆ ಅಂತಲೇ ನನ್ನ ಅಭಿಪ್ರಾಯ. ಇವತ್ತಿಗೂ ನಾವು ಸದಸ್ಯರಲ್ಲ.

ಆ ಕೋರ್ಟಿನ ನಿಯಮ ಏನೆಂದರೆ, ಒಂದು ದೇಶ ತಾನೇ ಪ್ರಾಮಾಣಿಕವಾಗಿ ತನಿಖೆ, ವಿಚಾರಣೆ ಮಾಡುತ್ತಿದ್ದರೆ ಅದು ಕೈಹಾಕುವುದಿಲ್ಲ. ದೇಶಕ್ಕೆ ಮನಸ್ಸಿಲ್ಲದಾಗ, ಶಕ್ತಿಯಿಲ್ಲದಾಗ ಮಾತ್ರ ಅದರ ಸರದಿ. ಹೊರಗಿನ ಕೋರ್ಟು ನಮಗೆ ಬೇಡ ಅನ್ನುವ ದೇಶ ತನ್ನ ಮಿಲಿಟರಿ ನ್ಯಾಯವನ್ನು ಇನ್ನೂ ಗಟ್ಟಿಯಾಗಿ ಇಟ್ಟುಕೊಳ್ಳಬೇಕು ಅಂತ ನನಗನಿಸುತ್ತದೆ.

ಆ ಕೋರ್ಟಿನಿಂದ ಕಲಿಯುವುದೂ ಇದೆ. ಎರಡನೇ ಮಹಾಯುದ್ಧ ಆದ ಮೇಲೆ ನ್ಯೂರೆಂಬರ್ಗ್‌ನಲ್ಲಿ ಕೂತ ನ್ಯಾಯಮಂಡಳಿಗೆ ಅಪೀಲೇ ಇರಲಿಲ್ಲ. ತೀರ್ಪು ಅಂತಿಮ, ಪರಿಶೀಲನೆ ಇಲ್ಲ ಅಂತ ಅದರ ಸನ್ನದಿನಲ್ಲೇ ಬರೆದಿದ್ದರು. ರೋಮ್ ಒಪ್ಪಂದ ಹಾಗೆ ಮಾಡಲಿಲ್ಲ. ಐದು ನ್ಯಾಯಾಧೀಶರ ಅಪೀಲು ವಿಭಾಗ ಕೋರ್ಟಿನ ಒಳಗೇ ಇದೆ. ಶಿಕ್ಷೆಯಾದವನು ವಿಧಾನದ ತಪ್ಪು, ಸಂಗತಿಯ ತಪ್ಪು, ಕಾನೂನಿನ ತಪ್ಪು ಯಾವುದನ್ನು ಹಿಡಿದಾದರೂ ಅಪೀಲು ಹಾಕಬಹುದು. ಅಂತಿಮ ತೀರ್ಪಿನ ಮೇಲೆ ಹೋಗಲು ಯಾರ ಅನುಮತಿಯೂ ಬೇಡ. ಕಾಂಗೋದ ಮಾಜಿ ಉಪಾಧ್ಯಕ್ಷ ಜೀನ್-ಪಿಯೆರ್ ಬೆಂಬಾ ಆ ಕೋರ್ಟಿನ ಕೇಸಿನಲ್ಲಿ 2008ರಲ್ಲಿ ಬಂಧನವಾದರು. 2016ರಲ್ಲಿ 18 ವರ್ಷದ ಶಿಕ್ಷೆ ಆಯಿತು. 2018ರ ಜೂನ್ 8ರಂದು ಅಪೀಲಿನಲ್ಲಿ ಖುಲಾಸೆ, ಅದೂ 3-2 ಮತದಲ್ಲಿ. ಆ ತೀರ್ಪು ಸರಿಯಾ ತಪ್ಪಾ ಅಂತ ಇವತ್ತಿಗೂ ವಾದ ಇದೆ. ಹತ್ತು ವರ್ಷ ಎಳೆದದ್ದು ಹೊಗಳುವ ವಿಷಯವೂ ಅಲ್ಲ. ಆದರೆ ಯುದ್ಧಾಪರಾಧದ ಆರೋಪಿಗೆ ಅನುಮತಿ ಇಲ್ಲದೆ ಸಿಗುವ ಅಪೀಲು ನಮ್ಮ ಸಿಪಾಯಿಗೆ ಒಂದು ಹಂತ ದಾಟಿದ ಮೇಲೆ ಯಾಕೆ ಸಿಗಬಾರದು?

ಈಗ ನೀವು ದೆಹಲಿಯಲ್ಲಿ ಕೇಳಿಸಿಕೊಳ್ಳಬಹುದಾದ ಉತ್ತರಗಳು. ಬೆಂಗಳೂರಿನಲ್ಲಿ ಅಷ್ಟು ಕೇಸುಗಳಿಲ್ಲ ಅನ್ನಬಹುದು. ದೂರಕ್ಕೆ ಹೆದರಿ ಹಾಕದೇ ಬಿಟ್ಟ ಕೇಸು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ವಿಡಿಯೊ ಮೂಲಕ ವಿಚಾರಣೆ ಇದೆಯಲ್ಲ ಅನ್ನಬಹುದು. ವಕೀಲರಿಗೆ ಅನುಕೂಲ, ನಿಜ. ಆದರೆ ವ್ಯಾಪ್ತಿಯ ಪ್ರಶ್ನೆ ವಿಡಿಯೊದಿಂದ ಬದಲಾಗುವುದಿಲ್ಲ. ಪೀಠ ಕೊಚ್ಚಿಯದ್ದೇ ಆಗಿರುತ್ತದೆ.

ಹಾಗೆ ನೋಡಿದರೆ ಸೇನೆಯ ಕರ್ನಾಟಕ-ಕೇರಳ ಸಬ್ ಏರಿಯಾದ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಎರಡು ರಾಜ್ಯಕ್ಕೂ ಸೇನೆಯ ಕಚೇರಿ ಇಲ್ಲಿ, ಎರಡು ರಾಜ್ಯಕ್ಕೂ ಸೈನಿಕರ ಕೋರ್ಟು ಅಲ್ಲಿ. ಹಲಸೂರಿನಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರ ಇದೆ. ವಾಯುಪಡೆಯ ತರಬೇತಿ ಕಮಾಂಡ್ ಬೆಂಗಳೂರಿನದ್ದೇ. ಜಾಲಹಳ್ಳಿ, ಯಲಹಂಕದಲ್ಲಿ ವಾಯುನೆಲೆ, ಕಾರವಾರದಲ್ಲಿ ನೌಕಾನೆಲೆ. ಮೂರೂ ಪಡೆ ಇರುವ ರಾಜ್ಯಕ್ಕೆ ಒಂದು ಪೀಠ ಕೇಳುವುದು ಅತಿಯಾಸೆಯಾ? ಕೊಚ್ಚಿಯದ್ದನ್ನು ಮುಚ್ಚಿ ಅಂತಲೂ ನಾನು ಕೇಳುತ್ತಿಲ್ಲ. ಕೇರಳದವರಿಗೆ ಅದು ಇರಲಿ.

ಧಾರವಾಡ, ಕಲಬುರಗಿಗೆ ಹೈಕೋರ್ಟ್ ಪೀಠ ಕೇಳಿದಾಗಲೂ ಇಂಥವೇ ಉತ್ತರ ಬಂದಿದ್ದವು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಖಾಯಂ ಆಯಿತು. ಆ ಕಡೆಯ ಕಕ್ಷಿದಾರರು ಈಗ ಬೆಂಗಳೂರಿನ ಲಾಡ್ಜುಗಳಲ್ಲಿ ರಾತ್ರಿ ಕಳೆಯಬೇಕಾಗಿಲ್ಲ.

ಇದಕ್ಕೆ ಹೊಸ ಕಾಯ್ದೆ ಬೇಡ. 2007ರ ಕಾಯ್ದೆಯ 5ನೇ ಕಲಂ ಪ್ರಕಾರ ಪೀಠ ಎಲ್ಲೆಲ್ಲಿ ಕೂರಬೇಕು ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಸಾಕು. ಮಸೂದೆ, ಮತದಾನ ಏನೂ ಇಲ್ಲ. ರಕ್ಷಣಾ ಸಚಿವಾಲಯದ ಒಂದು ಆದೇಶ. ಮೂವರೂ ಸೇರಿ ಸಚಿವರನ್ನು ಭೇಟಿ ಮಾಡಿ. ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿ: ಕರ್ನಾಟಕದವರ ಎಷ್ಟು ಅರ್ಜಿ ಕೊಚ್ಚಿಯಲ್ಲಿ ಬಾಕಿ ಇವೆ, ಬೆಂಗಳೂರು ಪೀಠದ ಬಗ್ಗೆ ಸರ್ಕಾರದ ನಿಲುವೇನು. ಉತ್ತರ ಬಂದರೆ ಅದನ್ನಿಟ್ಟುಕೊಂಡು ನಾವು ಮುಂದಿನ ಕೆಲಸ ಮಾಡುತ್ತೇವೆ.

ಮಸೂದೆ ಬೇಕಾಗುವ ವಿಷಯ ಬೇರೆ. 31ನೇ ಕಲಮಿನ ಅನುಮತಿಯ ಷರತ್ತನ್ನು ಕೋರ್ಟ್ ಮಾರ್ಷಲ್ ಶಿಕ್ಷೆಯ ಕೇಸುಗಳ ಮಟ್ಟಿಗಾದರೂ ಸಡಿಲಿಸಬೇಕು. ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ ವಜಾ ಇಲ್ಲದೆ ಮೂರು ತಿಂಗಳವರೆಗಿನ ಜೈಲು ಆದರೆ ಅದನ್ನು ನ್ಯಾಯಮಂಡಳಿ ನೋಡಬಹುದಾದ "ಸೇವಾ ವಿಷಯ"ದ ವ್ಯಾಖ್ಯಾನದಿಂದ ಹೊರಗಿಟ್ಟಿದ್ದಾರೆ. ಮೂರು ತಿಂಗಳು ಜೈಲಿಗೆ ಹೋಗಿಬಂದವನಿಗೆ ಅದು ಚಿಕ್ಕ ವಿಷಯವಲ್ಲ. ಗಡಿ ಭದ್ರತಾ ಪಡೆಯವರ ಕಥೆ ಇನ್ನೂ ಬೇರೆ. ಅವರಿಗೆ 1968ರ ತಮ್ಮದೇ ಕಾಯ್ದೆ, ಕೋರ್ಟ್ ಮಾರ್ಷಲ್‌ನಂಥದ್ದೇ ಭದ್ರತಾ ಪಡೆ ನ್ಯಾಯಾಲಯಗಳಿವೆ. ಆದರೆ ಈ ನ್ಯಾಯಮಂಡಳಿಯ ಬಾಗಿಲು ಅವರಿಗಿಲ್ಲ. ರಿಟ್ ಹಿಡಿದು ಹೈಕೋರ್ಟಿಗೇ ಹೋಗಬೇಕು, ಅಲ್ಲಿ ಸಾಕ್ಷ್ಯವನ್ನು ಅಪೀಲಿನಲ್ಲಿ ನೋಡುವ ಹಾಗೆ ಮತ್ತೆ ತೂಗಿ ನೋಡುವುದಿಲ್ಲ. ನಮ್ಮ ಕಡೆಯಿಂದ ಸೇನೆಗೆ ಹೋದವನಿಗೂ ಬಿಎಸ್‌ಎಫ್‌ಗೆ ಹೋದವನಿಗೂ ಇಷ್ಟು ವ್ಯತ್ಯಾಸ ಯಾಕೆ ಅನ್ನುವುದಕ್ಕೆ ನನಗಂತೂ ಒಳ್ಳೆಯ ಕಾರಣ ಕಾಣುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಖಾಸಗಿ ಮಸೂದೆ ತರಲು ಮುಂದಾದರೆ ಕರಡು ಬರೆಯುವ ಕೆಲಸಕ್ಕೆ ಈ ಭಾಗದ ಕೆಲವು ವಕೀಲರು ಸಂಬಳವಿಲ್ಲದೆ ಕೂರುತ್ತೇವೆ.

ಮೊದಲು ಆ ಅಧಿಸೂಚನೆ ಆಗಲಿ. ಪ್ರಶ್ನೆಯ ಕರಡನ್ನು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಸಿದ್ಧ ಮಾಡಿ ನಿಮ್ಮ ಮೂರೂ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಅಧಿವೇಶನಕ್ಕೆ ಮುಂಚೆ ಮೂವರಲ್ಲಿ ಯಾರು ಕರೆದರೂ ಕಾಗದಪತ್ರ ಹಿಡಿದು ಬಂದು ವಿವರಿಸುತ್ತೇನೆ.

ಇಂತಿ ನಿಮ್ಮ ಮತದಾರ,
ಚಿಂತಾಮಣಿಯ ಒಬ್ಬ ವಕೀಲ